ಒಂದು ಎಕರೆ, ಎರಡು ತುಂಡು, ವರ್ಷಕ್ಕೆ ಹತ್ತು ಬೆಳೆ: ದ್ವಿತಳಿ ರೇಷ್ಮೆಗೆ ಇಳಿಯುವವರಿಗೆ

ಊರಲ್ಲೇ ಇದ್ದು ದುಡಿಯಬೇಕು ಎಂದು ರೇಷ್ಮೆಗೆ ಕೈಹಾಕುವ ಹುಡುಗರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಮೊಟ್ಟೆ ಮೇಯಿಸಬಹುದು?" ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನನ್ನ ತೋಟದಲ್ಲಿ ಈ ತಿಂಗಳು ಎಷ್ಟು ಕೆಜಿ ಹಿಪ್ಪುನೇರಳೆ ಸೊಪ್ಪಿದೆ? ಕೈಕೊಟ್ಟ ಬೆಳೆಗಳ ಲೆಕ್ಕ ಕೆದಕಿ ನೋಡಿದರೆ ಹೆಚ್ಚಿನವು ಬಿದ್ದಿರುವುದು ಎರಡೇ ಕಾರಣಕ್ಕೆ. ಕೊನೆಯ ನಾಲ್ಕು ದಿನಕ್ಕೆ ಸೊಪ್ಪು ಸಾಲದೆ ಹೋದದ್ದು ಒಂದು, ಹಿಂದಿನ ಬೆಳೆಯ ರೋಗ ಮನೆಯೊಳಗೇ ಉಳಿದದ್ದು ಇನ್ನೊಂದು. ಎರಡೂ ಹುಳು ತರುವುದಕ್ಕಿಂತ ಮುಂಚೆ ತೀರ್ಮಾನವಾಗುವ ವಿಷಯಗಳು. ಆದ್ದರಿಂದ ಈ ಬರಹದಲ್ಲೂ ಹುಳು ತಡವಾಗಿಯೇ ಬರುತ್ತದೆ.

ಮೊದಲೇ ಒಂದು ಮಾತು ಸ್ಪಷ್ಟವಿರಲಿ. "100 ಮೊಟ್ಟೆ" ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳು. ದ್ವಿತಳಿಯಲ್ಲಿ ಒಂದು ಚಿಟ್ಟೆ ಸುಮಾರು 500 ಮೊಟ್ಟೆ ಇಡುತ್ತದೆ, ಅಂದರೆ 100 ಮೊಟ್ಟೆಗೆ ಹತ್ತಿರ ಹತ್ತಿರ 50,000 ಹುಳು. ದ್ವಿತಳಿ ಎಂದರೆ ಬಿಳಿ ಗೂಡು, ರೈತರ ಬಾಯಲ್ಲಿ ಬೈವೋಲ್ಟಿನ್. ಈಗ ಹೆಚ್ಚು ಸಾಕುವುದು ಎಫ್‌ಸಿ1 × ಎಫ್‌ಸಿ2 ಎಂಬ ಜೋಡಿ ಸಂಕರಣ. ಮೈಸೂರು ತಳಿಯೊಂದಿಗೆ ಕೂಡಿಸಿದ ಮಿಶ್ರತಳಿ ತುಸು ಗಟ್ಟಿ ಹುಳು, ತಪ್ಪನ್ನು ಒಂದಿಷ್ಟು ಸಹಿಸುತ್ತದೆ, ಆದರೆ ಗೂಡಿನ ತೂಕವೂ ದರವೂ ಕಡಿಮೆ. ನೀರಾವರಿ ಇದ್ದು, ಗಾಳಿಯಾಡುವ ಪ್ರತ್ಯೇಕ ಮನೆ ಕಟ್ಟುವ ಮನಸ್ಸಿದ್ದರೆ ನೇರವಾಗಿ ದ್ವಿತಳಿಯಿಂದಲೇ ಶುರುಮಾಡಿ. ವಾಸದ ಮನೆಯ ಪಡಸಾಲೆಯಲ್ಲೇ ಹುಳು ಇಡುವ ಯೋಚನೆಯಿದ್ದರೆ ದ್ವಿತಳಿ ಬೇಡ.

ಎಕರೆಯನ್ನು ಎರಡು ಮಾಡಿ

ಒಂದು ಎಕರೆಯ ಸೊಪ್ಪನ್ನು ಒಟ್ಟಿಗೆ ಕೊಯ್ದು 250 ಮೊಟ್ಟೆ ಮೇಯಿಸುವುದು ಹಳೇ ಕೈಗಳ ಕೆಲಸ. ಹೊಸಬರು ಅರ್ಧರ್ಧ ಎಕರೆಯ ಎರಡು ತಾಕು ಮಾಡಿಕೊಳ್ಳಿ. ಒಂದು ತಾಕಿನ ಸೊಪ್ಪು ಕೊಯ್ಯುವಾಗ ಇನ್ನೊಂದು ಚಿಗುರಿ ಅರ್ಧ ಬೆಳೆದಿರಬೇಕು. ಪ್ರತಿ ತಾಕಿನಲ್ಲಿ ವರ್ಷಕ್ಕೆ 5 ಕೊಯ್ಲು, ಒಟ್ಟು 10 ಬೆಳೆ. ಅಂದರೆ 36 ದಿನಕ್ಕೊಂದು ಬೆಳೆ, ಪ್ರತಿ ಸಲ 100ರಿಂದ 120 ಮೊಟ್ಟೆ. ಮನೆಯ ಇಬ್ಬರೇ ನಿಭಾಯಿಸಬಹುದು, ಮನೆ ಸಣ್ಣದು ಸಾಕು. ಒಂದು ಬೆಳೆ ಹೋದರೆ ಹೋಗುವುದು ಹದಿನೈದು ಸಾವಿರ, ನಲವತ್ತು ಸಾವಿರವಲ್ಲ. ಕೈ ಕುದುರಲು ಬೇಕಾದ ಅಭ್ಯಾಸವೂ ವರ್ಷದಲ್ಲಿ ಎರಡರಷ್ಟು ಸಿಗುತ್ತದೆ.

ಹಿಪ್ಪುನೇರಳೆಯ ತಳಿ ವಿ-1. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ತಳಿ ಇದು. ಎಲೆ ದೊಡ್ಡದು, ದಪ್ಪ, ಕಡ್ಡಿ ನೆಟ್ಟಗೆ ಬರುತ್ತದೆ, ಹಾಗಾಗಿ ಕಡ್ಡಿ ಸಮೇತ ಮೇಯಿಸಲು ಹೇಳಿಮಾಡಿಸಿದಂತಿದೆ. ಆದರೆ ನೀರು ಮತ್ತು ಗೊಬ್ಬರ ಎರಡನ್ನೂ ಕೇಳುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಅರ್ಧ ಗಂಟೆಗೆ ಬಸವಳಿಯುವಂತಿದ್ದರೆ ಅರ್ಧ ಎಕರೆ ಮಾತ್ರ ನೆಡಿ, ಹನಿ ನೀರಾವರಿ ಹಾಕಿ.

ಜೋಡಿ ಸಾಲಿನಲ್ಲಿ ನೆಡಿ: ಎರಡು ಸಾಲಿನ ನಡುವೆ 3 ಅಡಿ, ಜೋಡಿಯಿಂದ ಜೋಡಿಗೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ. ಅರ್ಧ ಎಕರೆಗೆ ಸುಮಾರು 2,700 ಗಿಡ ಹಿಡಿಯುತ್ತದೆ. 5 ಅಡಿ ಜಾಗದಲ್ಲಿ ಪವರ್ ಟಿಲ್ಲರ್ ಓಡುತ್ತದೆ, ಕಳೆಯ ಕೂಲಿ ಉಳಿಯುತ್ತದೆ. ಕಡ್ಡಿಯನ್ನು ನೇರ ನೆಲಕ್ಕೆ ಚುಚ್ಚುವುದಕ್ಕಿಂತ 3-4 ತಿಂಗಳು ನರ್ಸರಿಯಲ್ಲಿ ಬೆಳೆದ ಸಸಿ ತನ್ನಿ. ಮುಂಗಾರಿನಲ್ಲಿ ನೆಟ್ಟರೆ ಐದಾರು ತಿಂಗಳಿಗೆ ಮೊದಲ ಸಣ್ಣ ಕೊಯ್ಲು ಸಿಗುತ್ತದೆ. ಪೂರ್ತಿ ಇಳುವರಿ ಎರಡನೇ ವರ್ಷದಿಂದ. ಈ ಐದಾರು ತಿಂಗಳನ್ನು ಮನೆ ಕಟ್ಟಲಿಕ್ಕೂ ತರಬೇತಿಗೂ ಇಟ್ಟುಕೊಳ್ಳಿ.

ಗೊಬ್ಬರದ ಲೆಕ್ಕ: ಅರ್ಧ ಎಕರೆಗೆ ವರ್ಷಕ್ಕೆ 4 ಟನ್ ಕೊಟ್ಟಿಗೆ ಗೊಬ್ಬರ, ಎರಡು ಕಂತಿನಲ್ಲಿ. ವಿ-1ಕ್ಕೆ ಶಿಫಾರಸಾದ ರಸಗೊಬ್ಬರ ಹೆಕ್ಟೇರಿಗೆ ವರ್ಷಕ್ಕೆ 350:140:140 ಕೆಜಿ ಸಾರಜನಕ, ರಂಜಕ, ಪೊಟ್ಯಾಷ್. ಐದು ಕೊಯ್ಲಿಗೆ ಸಮನಾಗಿ ಹಂಚಿದರೆ ಅರ್ಧ ಎಕರೆಗೆ ಪ್ರತಿ ಕೊಯ್ಲಿಗೆ ಯೂರಿಯಾ 30 ಕೆಜಿ, ಸೂಪರ್ ಫಾಸ್ಫೇಟ್ 35 ಕೆಜಿ, ಮ್ಯುರೇಟ್ ಆಫ್ ಪೊಟ್ಯಾಷ್ 9 ಕೆಜಿ ಬರುತ್ತದೆ. ಕಟಾವಾಗಿ 15-20 ದಿನಕ್ಕೆ, ಚಿಗುರು ಕಾಣಿಸಿಕೊಂಡ ಮೇಲೆ ಕೊಡಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಹೆಚ್ಚು ಕಡಿಮೆ ಮಾಡಿ. ಸೊಪ್ಪು ಕಪ್ಪಗೆ ಕಾಣಲಿ ಎಂದು ಯೂರಿಯಾ ಸುರಿಯುವ ಚಾಳಿ ಬಹಳ ಕಡೆ ಇದೆ. ಆ ಸೊಪ್ಪಿನಲ್ಲಿ ನೀರಿನಂಶವೇ ಹೆಚ್ಚು. ತಿಂದ ಹುಳು ಕೊನೆಯ ಹಂತದಲ್ಲಿ ಸಪ್ಪೆ ಬೀಳುತ್ತದೆ.

ತೋಟದಲ್ಲಿ ತುಕ್ರ ಬಂದರೆ ತುದಿಯ ಎಲೆ ಮುದುಡಿ ಕಪ್ಪು ಹಸಿರಾಗಿ ಗಂಟು ಕಟ್ಟುತ್ತದೆ. ಗುಲಾಬಿ ಹಿಟ್ಟು ತಿಗಣೆಯ ಕೆಲಸ. ಆ ತುದಿಗಳನ್ನು ಚಿವುಟಿ ಚೀಲಕ್ಕೆ ಹಾಕಿ ಸುಡಿ, ಬದುವಿನಲ್ಲಿ ಬಿಸಾಡಬೇಡಿ. ಔಷಧಿ ಹೊಡೆಯಲೇಬೇಕಾದರೆ ಯಾವುದು, ಹೊಡೆದ ಎಷ್ಟು ದಿನಕ್ಕೆ ಸೊಪ್ಪು ಕೊಡಬಹುದು ಎಂಬುದನ್ನು ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೇಳಿ. ಗೊಬ್ಬರದಂಗಡಿಯಲ್ಲಿ ಕೇಳಬೇಡಿ. ಅಂಗಡಿಯವರಿಗೆ ಟೊಮೆಟೊ ಗೊತ್ತು, ಹುಳು ಗೊತ್ತಿಲ್ಲ.

ಪಕ್ಕದ ಹೊಲದ ವಿಷಯ ಇದಕ್ಕಿಂತ ದೊಡ್ಡದು. ಟೊಮೆಟೊ, ಬೀನ್ಸ್, ಕೋಸಿಗೆ ಕಾಯಿಕೊರಕಕ್ಕೆಂದು ಹೊಡೆಯುವ ಕ್ಲೋರಾಂಟ್ರನಿಲಿಪ್ರೋಲ್‌ನಂಥ ಔಷಧಿ ರೇಷ್ಮೆ ಹುಳುವಿಗೂ ಅಷ್ಟೇ ಕಡು ವಿಷ, ಎಲೆಯ ಮೇಲೆ ಬಹಳ ದಿನ ಉಳಿಯುತ್ತದೆ. ಹೊಗೆಸೊಪ್ಪಿನ ಹೊಲದ ಪಕ್ಕ ಹಿಪ್ಪುನೇರಳೆ ನೆಡಲೇಬಾರದು. ಔಷಧಿಯೇ ಬೇಡ, ಆ ಗಿಡದ ನಿಕೋಟಿನ್ ಸಾಕು. ಉಳಿದ ಬೆಳೆಯಾದರೆ ಪಕ್ಕದವರ ಜೊತೆ ಮಾತಾಡಿ, ಹೊಡೆಯುವ ದಿನ ಫೋನ್ ಮಾಡಲು ಕೇಳಿ, ಬದುವಿನ ಕಡೆಯ ಎರಡು ಸಾಲಿನ ಸೊಪ್ಪನ್ನು ಹುಳುವಿಗೆ ಕೊಡಬೇಡಿ. ಅನುಮಾನ ಬಂದ ಸೊಪ್ಪನ್ನು ಮೊದಲು ಐವತ್ತು ಹುಳುವಿಗೆ ಪ್ರತ್ಯೇಕವಾಗಿ ಕೊಟ್ಟು ಒಂದು ದಿನ ನೋಡಿ. ಹುಳು ತಲೆ ಎತ್ತಿ ಆಡಿಸಿದರೆ, ಹಸಿರು ರಸ ಕಕ್ಕಿದರೆ, ಮೈ ಕುಗ್ಗಿದರೆ ಆ ಸೊಪ್ಪು ಮುಟ್ಟಬೇಡಿ.

ಹುಳು ಮನೆ

120 ಮೊಟ್ಟೆಗೆ 30 × 20 ಅಡಿಯ ಮನೆ ಸಾಕು. ಲೆಕ್ಕ ಹೀಗೆ: ಕೊನೆಯ (ಐದನೇ) ಹಂತ ಮುಗಿಯುವಾಗ 100 ಮೊಟ್ಟೆಯ ಹುಳುವಿಗೆ 720 ಚದರ ಅಡಿ ಹಾಸಿಗೆ ಬೇಕು, 120ಕ್ಕೆ 864. ಐದಡಿ ಅಗಲ, 25 ಅಡಿ ಉದ್ದದ ಎರಡು ಸ್ಟ್ಯಾಂಡ್ ಹಾಕಿ ನಾಲ್ಕು ಅಂತಸ್ತು ಮಾಡಿದರೆ 1,000 ಚದರ ಅಡಿ ಸಿಗುತ್ತದೆ. ಕೆಳ ಅಂತಸ್ತು ನೆಲದಿಂದ ಒಂದು ಅಡಿ ಮೇಲೆ, ಅಂತಸ್ತಿನ ನಡುವೆ ಎರಡು ಅಡಿ. ಎರಡೂ ಬದಿ ಮತ್ತು ನಡುವೆ ಮೂರಡಿ ಓಡಾಡಲು ಉಳಿಯುತ್ತದೆ. ಐದಡಿಗಿಂತ ಅಗಲ ಮಾಡಬೇಡಿ, ನಡುವಿನ ಹುಳುವಿಗೆ ಕೈ ಎಟುಕುವುದಿಲ್ಲ. ಕೈ ಎಟುಕದ ಕಡೆಯೇ ರೋಗ ಶುರುವಾಗುತ್ತದೆ.

ಮನೆಯ ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಉದ್ದದ ಗೋಡೆಗೆ ಬಿಸಿಲು ಕಡಿಮೆ ಬೀಳುತ್ತದೆ. ಎದುರುಬದುರು ಕಿಟಕಿ, ಅವುಗಳ ಮೇಲೆ ಮತ್ತು ನೆಲಮಟ್ಟದಲ್ಲಿ ಗಾಳಿಕಿಂಡಿ. ಬಿಸಿಗಾಳಿ ಮೇಲಿಂದ ಹೋಗಿ ತಂಪುಗಾಳಿ ಕೆಳಗಿಂದ ಬರಬೇಕು. ತಗಡಿನ ಸೂರಾದರೆ ಕೆಳಗೆ ತೆಂಗಿನ ಗರಿಯ ಇನ್ನೊಂದು ಪದರ ಕೊಡಿ, ಮೇಲೆ ಬಿಳಿ ಬಣ್ಣ ಹೊಡೆಯಿರಿ. ಕಲಬುರಗಿ, ರಾಯಚೂರು ಕಡೆಯವರು ಸೂರಿನ ಮೇಲೆ ನೀರು ಚಿಮ್ಮುವ ಪೈಪ್ ಇಲ್ಲದೆ ಏಪ್ರಿಲ್-ಮೇ ಬೆಳೆಗೆ ಹೋಗಬೇಡಿ, ಆ ಎರಡು ತಿಂಗಳು ತೋಟ ಸುಧಾರಿಸಿಕೊಳ್ಳಲಿ.

ಪ್ರತಿ ಕಿಟಕಿ, ಕಿಂಡಿಗೆ ನೈಲಾನ್ ಬಲೆ, ಬಾಗಿಲಿಗೆ ಒಂದು ಮುಂಗೋಣೆ. ಇದು ಊಜಿ ನೊಣಕ್ಕೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕ ಕಡೆ ಕಪ್ಪು ಕಲೆ ಕಾಣುತ್ತದೆ. ಕೊನೆಗೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ತೂತು ಗೂಡನ್ನು ನೂಲು ಬಿಚ್ಚುವ ರೀಲರ್ ಕೊಳ್ಳುವುದಿಲ್ಲ. ಮುಂಗೋಣೆ ಎರಡು ಬಾಗಿಲಿನದಾಗಿರಬೇಕು, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆಗೆಯುವಂತೆ. ನೊಣ ಹೆಚ್ಚಾಗಿ ಬರುವುದು ಸೊಪ್ಪಿನ ಹೊರೆಯ ಜೊತೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇರುವೆ ಹತ್ತುವುದಿಲ್ಲ.

"ಹುಳು ಮನೆಗೆ ಕಂಡವರನ್ನು ಬಿಡಬೇಡಿ, ದೃಷ್ಟಿಯಾಗುತ್ತೆ" ಎಂದು ಅಜ್ಜಿಯರು ಹೇಳುವುದನ್ನು ಪಾಲಿಸಿ. ದೃಷ್ಟಿಯ ಮಾತು ಹೇಗಾದರೂ ಇರಲಿ, ಬಂದವರ ಕಾಲಿನ ಧೂಳಿನಲ್ಲಿ ಅವರ ಮನೆಯ ರೋಗ ಬರುವುದು ನಿಜ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಬೆರೆಸಿದ ಗೋಣಿತಾಟು ಇರಲಿ, ಒಳಗೆ ಬೇರೆ ಚಪ್ಪಲಿ ಇರಲಿ.

ಸಹಾಯಧನದ ಬಗ್ಗೆ ಎರಡೇ ಮಾತು. ತೋಟ, ಹನಿ ನೀರಾವರಿ, ಹುಳು ಮನೆ, ಸಲಕರಣೆ ಎಲ್ಲಕ್ಕೂ ಯೋಜನೆಗಳಿವೆ, ಮೊತ್ತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮನೆಯ ತಳಪಾಯ ತೋಡುವ ಮೊದಲೇ ಅರ್ಜಿ ಕೊಟ್ಟು ಮಂಜೂರಾತಿ ಕೈಗೆ ಬರುವ ತನಕ ಕಾಯಿರಿ, ಕಟ್ಟಿದ ಮೇಲೆ ಕೇಳಿದರೆ ಸಿಗುವುದು ಕಷ್ಟ. ಪಹಣಿ ಅಪ್ಪನ ಹೆಸರಲ್ಲಿದ್ದರೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಬ್ಯಾಂಕ್ ಖಾತೆ, ಅರ್ಜಿ ಎಲ್ಲವೂ ಅವರ ಹೆಸರಲ್ಲೇ ಹೋಗಲಿ, ಅಥವಾ ಮೊದಲು ಜಂಟಿ ಖಾತೆ ಮಾಡಿಸಿಕೊಳ್ಳಿ. ಒಂದು ಕಾಗದದಲ್ಲಿ ಮಗನ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು ಇದ್ದು ತಿಂಗಳುಗಟ್ಟಲೆ ನಿಂತ ಕಡತಗಳು ಬೇಕಾದಷ್ಟಿವೆ.

ಹುಳು ಬರುವ ಮುನ್ನಾ ವಾರ

ಸೊಪ್ಪು ಅಳೆಯಿರಿ. ತಾಕಿನ ಬೇರೆ ಬೇರೆ ಕಡೆಯಿಂದ 10 ಗಿಡ ಆರಿಸಿ, ಚೆನ್ನಾಗಿರುವುದನ್ನೇ ಹುಡುಕದೆ. ಕಡ್ಡಿ ಕೊಯ್ದು ಎಲೆ ಬಿಡಿಸಿ ತೂಗಿ. ಹತ್ತು ಗಿಡಕ್ಕೆ 6 ಕೆಜಿ ಬಂತು ಎನ್ನಿ. ಗಿಡಕ್ಕೆ 600 ಗ್ರಾಂ, 2,700 ಗಿಡಕ್ಕೆ 1,620 ಕೆಜಿ. ಎರಡನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳುವಿನಿಂದ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗೆ, 100 ಮೊಟ್ಟೆಗೆ 1,100ರಿಂದ 1,200 ಕೆಜಿ ಎಲೆ ಬೇಕು. 1,620ನ್ನು 12ರಿಂದ ಭಾಗಿಸಿದರೆ 135. ಅದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಸುಮಾರು 120 ಮೊಟ್ಟೆ. ಆ ಹತ್ತನೇ ಒಂದು ಭಾಗ ಮಳೆಗೆ ಕೊಳೆಯುವ, ಪಕ್ಕದವರ ಔಷಧಿಗೆ ಹೋಗುವ ಸೊಪ್ಪಿನ ಲೆಕ್ಕ. ಹುಳು ಬುಕ್ ಮಾಡುವುದು ಎರಡು ಮೂರು ವಾರ ಮೊದಲೇ ಆಗಿರುತ್ತದೆ. ಆಗಲೇ ಒಮ್ಮೆ ಅಂದಾಜು ಮಾಡಿ ಕಡಿಮೆಯೇ ಹೇಳಿ, ಈಗ ಖಚಿತ ಮಾಡಿಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಎಲ್ಲಿಗೆ ಹೊಂದದಿದ್ದರೂ ಹುಳು ಹಾಸಿಗೆಗೆ ಹೊಂದುತ್ತದೆ.

ಸೋಂಕು ನಿವಾರಣೆ ಎರಡು ಸಲ: ಹಿಂದಿನ ಬೆಳೆ ಮುಗಿದ ಕೂಡಲೇ ಒಮ್ಮೆ, ಹುಳು ಬರುವ 3-4 ದಿನ ಮುಂಚೆ ಇನ್ನೊಮ್ಮೆ. ಮೊದಲು ಗುಡಿಸಿ, ನೀರು ಹಾಕಿ ತೊಳೆಯಿರಿ. ಕೊಳೆಯ ಮೇಲೆ ಔಷಧಿ ಹೊಡೆದರೆ ಕೊಳೆಯೇ ಅದನ್ನು ನುಂಗುತ್ತದೆ. 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣದ ಪುಡಿ. ನೆಲದ ಪ್ರತಿ ಚದರ ಮೀಟರಿಗೆ 2 ಲೀಟರ್ ಲೆಕ್ಕದಲ್ಲಿ ಈ ಮನೆಗೆ 110 ಲೀಟರ್, ಸ್ಟ್ಯಾಂಡ್, ಬಲೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ) ಸೇರಿ 150 ಲೀಟರ್. ಗೋಡೆ, ಸೂರಿನ ಒಳಮೈ, ಸ್ಟ್ಯಾಂಡಿನ ಸಂದುಗಳೆಲ್ಲ ತೊಟ್ಟಿಕ್ಕುವ ಹಾಗೆ ಒದ್ದೆಯಾಗಬೇಕು, ಅರ್ಧ ಗಂಟೆ ಒದ್ದೆಯಾಗಿಯೇ ಇರಬೇಕು. ಪೌಡರ್ ಹೊಸದಾಗಿರಲಿ, ಶೇ 30ರಷ್ಟು ಕ್ಲೋರಿನ್ ಇರುವುದು. ಬಾಯಿ ತೆರೆದ ಚೀಲದಲ್ಲಿ ಆರು ತಿಂಗಳು ಬಿದ್ದಿದ್ದರಲ್ಲಿ ಸುಣ್ಣದ ಕಲ್ಲು ಬಿಟ್ಟರೆ ಬೇರೇನೂ ಉಳಿದಿರುವುದಿಲ್ಲ. ಬ್ಲೀಚಿಂಗ್ ಕಬ್ಬಿಣ ತಿನ್ನುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇದ್ದವರು ಕ್ಲೋರಿನ್ ಡೈಆಕ್ಸೈಡ್ ಬಳಸಬಹುದು: 20 ಲೀಟರ್ ದ್ರಾವಣಕ್ಕೆ 500 ಎಂಎಲ್ ಔಷಧಿಯನ್ನು ಜೊತೆಗೆ ಬರುವ 50 ಗ್ರಾಂ ಹರಳಿನೊಂದಿಗೆ ಮೊದಲು ಕರಗಿಸಿ, ಹಳದಿ ಬಣ್ಣಕ್ಕೆ ತಿರುಗಿದ ಮೇಲೆ ನೀರಿಗೆ ಸೇರಿಸಿ, 100 ಗ್ರಾಂ ಸುಣ್ಣ ಹಾಕಿ. ಎರಡಕ್ಕೂ ಮೂಗು, ಕಣ್ಣು ಮುಚ್ಚಿಕೊಂಡೇ ಹೊಡೆಯಿರಿ.

ಹುಳು ಬಂದ ಮೇಲೆ

ಮೊದಲ ಎರಡು ಹಂತ ಚಾಕಿ. 27-28 ಡಿಗ್ರಿ ಉಷ್ಣ, ಶೇ 85-90 ತೇವ ಬೇಕಾದ ಈ ಕೂಸುಗಳನ್ನು ನೀವೇ ಸಾಕಲು ಹೋಗಬೇಡಿ, ಚಾಕಿ ಕೇಂದ್ರದಿಂದ ಎರಡನೇ ಜ್ವರದ ಹುಳು ತನ್ನಿ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಹುಳು ಜ್ವರದಲ್ಲಿರುವಾಗಲೇ ಸಾಗಿಸಿ. ಕೊಳ್ಳುವಾಗ ನೋಡಬೇಕಾದ್ದು ಗಾತ್ರ: ತಟ್ಟೆಯಲ್ಲಿ ಎಲ್ಲವೂ ಒಂದೇ ಸಮ ಇರಬೇಕು. ದೊಡ್ಡದು ಸಣ್ಣದು ಬೆರೆತಿದ್ದರೆ ಆ ತಟ್ಟೆ ಬೇಡ ಎನ್ನಲು ಸಂಕೋಚ ಬೇಡ.

ಮೂರನೇ ಹಂತ ನಾಲ್ಕು ದಿನ, ನಾಲ್ಕನೆಯದು ಐದು ದಿನ, ಐದನೆಯದು ಏಳೆಂಟು ದಿನ. ಹಾಸಿಗೆ ಪ್ರತಿ ಹಂತದಲ್ಲೂ ಎರಡರಷ್ಟಾಗಬೇಕು. 100 ಮೊಟ್ಟೆಗೆ ಮೂರನೇ ಹಂತದ ಕೊನೆಗೆ 180 ಚದರ ಅಡಿ, ನಾಲ್ಕರ ಕೊನೆಗೆ 360, ಐದರ ಕೊನೆಗೆ 720. ಜಾಗ ಉಳಿಸಲು ಒತ್ತಾಗಿ ಬಿಟ್ಟರೆ ಒಂದರ ಹಿಕ್ಕೆ ಇನ್ನೊಂದರ ಎಲೆಯ ಮೇಲೆ ಬೀಳುತ್ತದೆ. ಉಗುರು ಗೀರಿದ ಚರ್ಮದಿಂದ ರೋಗ ಒಳಹೋಗುತ್ತದೆ.

ಸೊಪ್ಪು ದಿನಕ್ಕೆ ಮೂರು ಸಲ: ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 9-10. ರಾತ್ರಿಯದು ದೊಡ್ಡ ಊಟ, ಎಲ್ಲಕ್ಕಿಂತ ಹೆಚ್ಚು ಹಾಕಿ. ಮೂರನೇ ಹಂತಕ್ಕೆ ಎಳೆ ಎಲೆ, ಐದಕ್ಕೆ ಬಲಿತ ಎಲೆ. 60-65 ದಿನದ ಕಡ್ಡಿ ಹದವಾಗಿರುತ್ತದೆ, 75 ದಾಟಿದರೆ ಕೆಳಗಿನ ಎಲೆ ಹಳದಿಯಾಗಿ ಲೆಕ್ಕದಿಂದ ಜಾರುತ್ತದೆ. ಕೊಯ್ಲು ಬೆಳಗಿನ ತಂಪಿನಲ್ಲಿ, ಸಂಜೆಯಲ್ಲಿ. ತಂದದ್ದನ್ನು ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ನಿಲ್ಲಿಸಿ, ರಾಶಿ ಒತ್ತಿಟ್ಟರೆ ನಡುವೆ ಬಿಸಿಯೇರಿ ಬೆಂದುಹೋಗುತ್ತದೆ. ಮಳೆನೀರು ತೊಟ್ಟಿಕ್ಕುವ ಸೊಪ್ಪು ಕೊಡುವುದಕ್ಕಿಂತ ಒಂದು ಗಂಟೆ ತಡವಾಗಿ ಕೊಡುವುದು ಮೇಲು.

ಒಟ್ಟು ಸೊಪ್ಪಿನ ಶೇ 80-85 ಖರ್ಚಾಗುವುದು ಐದನೇ ಹಂತದ ಏಳು ದಿನದಲ್ಲೇ. ನಾಲ್ಕನೇ ದಿನದಿಂದ 120 ಮೊಟ್ಟೆಯ ಹುಳು ದಿನಕ್ಕೆ 200 ಕೆಜಿಯ ಆಸುಪಾಸು ಎಲೆ ಮುಗಿಸುತ್ತದೆ. ಮಳೆ ಸುರಿದಂತೆ ಸರಸರ ಶಬ್ದ ಬರುತ್ತದೆ, ಆ ಶಬ್ದ ನಿಂತಿತೆಂದರೆ ಸೊಪ್ಪು ಮುಗಿದಿದೆ ಎಂದರ್ಥ. ಕೂಲಿ ಆಳು ಬೇಕಾಗುವುದೂ ಆಗಲೇ. ಊರ ಜಾತ್ರೆ, ಮನೆಯ ಮದುವೆ ಈ ವಾರಕ್ಕೆ ಬೀಳದ ಹಾಗೆ ಚಾಕಿ ಬುಕ್ ಮಾಡುವಾಗಲೇ ಕ್ಯಾಲೆಂಡರ್ ನೋಡಿ. ತಮಾಷೆಯಲ್ಲ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಹುಳು ಹಸಿದಿದ್ದಕ್ಕೆ ಗೂಡು ತೆಳ್ಳಗಾದ ಬೆಳೆಗಳು ಕಡಿಮೆಯಿಲ್ಲ.

ಜ್ವರದ ಸಮಯ ಅರ್ಧ ವಿದ್ಯೆ. ಹುಳು ಜ್ವರಕ್ಕೆ ಕೂರುವಾಗ ಮೈ ಹೊಳೆಯುತ್ತದೆ, ತಲೆ ಎತ್ತಿ ಕದಲದೆ ಇರುತ್ತದೆ. ಹತ್ತರಲ್ಲಿ ಒಂಬತ್ತು ಕೂತವು ಅನ್ನಿಸಿದಾಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ. ಹಾಸಿಗೆ ಒಣಗಬೇಕು, ಗಾಳಿಯಾಡಬೇಕು. ಎಚ್ಚರ ಬೇಕಾದ್ದು ಏಳುವಾಗ. ಮೊದಲೆದ್ದ ಹುಳು ಹಸಿದು ಓಡಾಡುವುದು ಕಂಡು ಕರುಳು ಚುರುಕ್ ಎನ್ನುತ್ತದೆ, ಹೊಸಬರು ಸೊಪ್ಪು ಹಾಕಿಬಿಡುತ್ತಾರೆ. ಹಾಕಬೇಡಿ. ನೂರಕ್ಕೆ 95 ಎದ್ದ ಮೇಲೆಯೇ ಮೊದಲ ಸೊಪ್ಪು. ಇಲ್ಲದಿದ್ದರೆ ಅಲ್ಲಿಂದಲೇ ಎರಡು ಗಾತ್ರದ ಹುಳು ತಯಾರಾಗಿ, ಕೊನೆಗೆ ಅರ್ಧ ಹಣ್ಣಾಗಿ ಅರ್ಧ ಇನ್ನೂ ಮೇಯುತ್ತಿರುತ್ತದೆ. ಮೊದಲ ಸೊಪ್ಪಿಗೆ ಅರ್ಧ ಗಂಟೆ ಮುಂಚೆ ವಿಜೇತ ಅಥವಾ ಅಂಕುಶ ಎಂಬ ರೋಗ ತಡೆಯುವ ಹಾಸಿಗೆ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಚದರ ಅಡಿಗೆ 5 ಗ್ರಾಂ ಅಂದಾಜಿನಲ್ಲಿ ಉದುರಿಸಿ. ಐದನೇ ಹಂತದ ನಾಲ್ಕನೇ ದಿನ ಇನ್ನೊಮ್ಮೆ.

ಉಷ್ಣಾಂಶ 24-26 ಡಿಗ್ರಿ, ತೇವ ಶೇ 70ರ ಸುತ್ತ. ಇನ್ನೂರು ಮುನ್ನೂರು ರೂಪಾಯಿಯ ಉಷ್ಣತೇವ ಮಾಪಕವನ್ನು ನಡುವಿನ ಅಂತಸ್ತಿನ ಎತ್ತರಕ್ಕೆ ತೂಗುಹಾಕಿ. ಬೇಸಿಗೆಗೆ ಕಿಟಕಿಗೆ ಒದ್ದೆ ಗೋಣಿ. ಚಳಿಗಾಲದಲ್ಲಿ ಇದ್ದಿಲ ಒಲೆಯಿಟ್ಟು ಕಿಟಕಿಯೆಲ್ಲ ಮುಚ್ಚಿ ಅದೇ ಮನೆಯಲ್ಲಿ ಮಲಗುವುದು ಮನುಷ್ಯರಿಗೇ ಅಪಾಯ, ಹಾಗೆ ಮಾಡಬೇಡಿ. ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣ, ಊದುಬತ್ತಿ ಯಾವುದೂ ಹತ್ತಿರ ಬರಬಾರದು. ಮೈಗೆ ಸೆಂಟ್ ಹಾಕಿಕೊಂಡವರೂ.

ರೋಗ ಗುರುತು

ಮೈ ಊದಿ ಗೆಣ್ಣು ಗೆಣ್ಣಾಗಿ, ಹೊಳಪು ಬಂದು, ಹಾಸಿಗೆಯ ಅಂಚಿನಲ್ಲಿ ಅಲೆಯುತ್ತಿದ್ದು, ಮುಟ್ಟಿದರೆ ಹಾಲಿನಂಥ ರಸ ಸುರಿದರೆ ಅದು ಹಾಲು ರೋಗ. ವೈರಸ್ಸಿನದು, ಹಿಂದಿನ ಬೆಳೆಯಿಂದ ಉಳಿದದ್ದು, ಸೆಕೆ ಹೆಚ್ಚಾದಾಗ ಎದ್ದು ಕಾಣುತ್ತದೆ. ಮೈ ಮೆತ್ತಗಾಗಿ, ಹಿಕ್ಕೆ ನೀರಾಗಿ ಅಥವಾ ಸರದಂತೆ ಅಂಟಿ ಬಂದು, ಸತ್ತ ಮೇಲೆ ಕಪ್ಪಾಗಿ ನಾತ ಹೊಡೆದರೆ ಸಪ್ಪೆ ರೋಗ. ಗಾಳಿ ಸಾಲದೆ, ಸೊಪ್ಪು ಸರಿಯಿಲ್ಲದೆ ಬರುವುದು. ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿ ಬೆಳ್ಳಗಾದರೆ ಸುಣ್ಣಕಟ್ಟು, ಮಳೆ ಚಳಿಯ ದಿನದ ಬೂಷ್ಟು. ಇದಕ್ಕೆ ಹಾಸಿಗೆ ಒಣಗಿಸುವುದೇ ಮೊದಲ ಮದ್ದು. ಗಂಟು ರೋಗ ತಾಯಿಚಿಟ್ಟೆಯಿಂದ ಮೊಟ್ಟೆಯಲ್ಲೇ ಬರುತ್ತದೆ, ಹುಳು ಏರುಪೇರಾಗಿ ಬೆಳೆಯುತ್ತದೆ, ಮೈಮೇಲೆ ಮೆಣಸಿನ ಪುಡಿಯಂಥ ಚುಕ್ಕೆ. ಅನುಮಾನವಿದ್ದರೆ ಕೂಡಲೇ ತಾಂತ್ರಿಕ ಸೇವಾ ಕೇಂದ್ರಕ್ಕೆ ಹುಳು ಒಯ್ದು ಪರೀಕ್ಷೆ ಮಾಡಿಸಿ. ಖಚಿತವಾದರೆ ಸುಡುವುದೊಂದೇ ದಾರಿ.

ರೋಗದ ಹುಳುವನ್ನು ಕಡ್ಡಿಯಿಂದ ಎತ್ತಿ ಬ್ಲೀಚಿಂಗ್ ಸುಣ್ಣದ ನೀರಿನ ಬೋಗುಣಿಗೆ ಹಾಕಿ, ಆಮೇಲೆ ಹೂಳಿ. ಕೋಳಿಗೆ ಎಸೆದರೆ ಕೋಳಿ ಅದನ್ನು ಹಿತ್ತಲು, ತೋಟದ ತುಂಬ ಹರಡಿ ಬರುತ್ತದೆ. ಬರಿಗೈಯಲ್ಲಿ ಎತ್ತಿದವರು ಅದೇ ಕೈಯಲ್ಲಿ ಸೊಪ್ಪು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ.

ಹಣ್ಣಾಗುವುದು, ಗೂಡು ಬಿಡಿಸುವುದು

ಐದನೇ ಹಂತದ ಏಳೆಂಟನೇ ದಿನ ಹುಳು ಮೇವು ಬಿಟ್ಟು, ಮೈ ಕುಗ್ಗಿ, ಹಳದಿ ಗಾಜಿನಂತೆ ಪಾರದರ್ಶಕವಾಗುತ್ತದೆ. ಚಂದ್ರಿಕೆಗೆ ಚದರ ಅಡಿಗೆ 40-50 ಹುಳು. 6 × 4 ಅಡಿಯ ಒಂದು ಚಂದ್ರಿಕೆಗೆ ಸಾವಿರದ ಲೆಕ್ಕ ಹಿಡಿದರೆ ಈ ಬೆಳೆಗೆ 45-50 ಚಂದ್ರಿಕೆ ಬೇಕು. ಬಾಡಿಗೆ ಚಂದ್ರಿಕೆ ಸುಲಭವಾಗಿ ಸಿಗುತ್ತದೆ, ಊರೂರಿನ ರೋಗವನ್ನೂ ಹೊತ್ತು ತರುತ್ತದೆ. ತಂದರೆ ಮೂರು ದಿನ ಮೊದಲೇ ತಂದು ಬ್ಲೀಚಿಂಗ್ ಹೊಡೆದು ಬಿಸಿಲಿಗೆ ಒಣಗಿಸಿ. ಎರಡನೇ ವರ್ಷದೊಳಗೆ ಪ್ಲಾಸ್ಟಿಕ್ ನೇತ್ರಿಕೆ ಕೊಳ್ಳುವುದು ಜಾಣತನ, ತೊಳೆದು ಮಡಚಿಡಬಹುದು. ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿ ಗೂಡಿನ ನೂಲು ಉಳಿದ ಗೂಡಿನಂತೆ ಸಲೀಸಾಗಿ ಬಿಚ್ಚಲು ಬರುವುದಿಲ್ಲ.

ಗೂಡು ಕಟ್ಟುವ ಮೊದಲು ಹುಳು ಕೊನೆಯ ಮೂತ್ರ ಹೊರಹಾಕುತ್ತದೆ, ಆ ತೇವ ಹೊರಗೆ ಹೋಗಲೇಬೇಕು. ಮೊದಲ ಎರಡು ದಿನ ಗಾಳಿ ಚೆನ್ನಾಗಿರಲಿ, ತೇವ ಶೇ 60-65ಕ್ಕೆ ಇಳಿಯಲಿ, ಕೆಳಗೆ ಹಳೇ ಪೇಪರ್ ಹಾಸಿ ಒಂದು ದಿನದ ನಂತರ ತೆಗೆಯಿರಿ. ಈ ಎರಡು ದಿನದ ಸೆಕೆ ಗೂಡಿನ ನೂಲು ಅಂಟಿಕೊಳ್ಳುವಂತೆ ಮಾಡುತ್ತದೆ. ಮಾರುಕಟ್ಟೆಯಲ್ಲಿ ಗೂಡು ನೋಡಲು ಚೆಂದವಿದ್ದೂ ದರ ಕಡಿಮೆ ಬಂತೆಂದರೆ ಹೆಚ್ಚಿನ ಸಲ ಇದೇ ಕಾರಣ.

ಬಿಡಿಸುವುದು ಆರು ಅಥವಾ ಏಳನೇ ದಿನ, ಮುಂಚೆ ಬೇಡ. ಎರಡು ಗೂಡು ಕತ್ತರಿಸಿ ನೋಡಿ: ಒಳಗಿನ ಕೋಶ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು. ಬಿಳಿಯಾಗಿ ಮೆತ್ತಗಿದ್ದರೆ ಸಾಗಿಸುವಾಗ ಒಡೆದು ಪಕ್ಕದ ಗೂಡುಗಳಿಗೂ ಕಲೆ ಹಿಡಿಸುತ್ತದೆ. ಕಲೆಯದು, ಜೋಡಿ, ತೂತು, ತೆಳುವಿನವನ್ನು ಬೇರೆ ಮಾಡಿ. ರಾಶಿಯೊಳಗೆ ಅಡಗಿಸಿ ಒಯ್ದರೆ ರೀಲರ್ ಕೈಹಾಕಿ ಎತ್ತುವುದು ಅದನ್ನೇ, ಇಡೀ ಲಾಟಿನ ಬೆಲೆ ಅದರ ಮೇಲೆ ಕಟ್ಟುತ್ತಾರೆ. ತೆಳು ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ ರಾತ್ರಿ ತಂಪಿನಲ್ಲಿ ಸಾಗಿಸಿ. ಪ್ಲಾಸ್ಟಿಕ್ ಚೀಲ ಬೇಡ.

ಗೂಡು ಮಾರಬೇಕಾದ್ದು ಸರ್ಕಾರಿ ಗೂಡು ಮಾರುಕಟ್ಟೆಯಲ್ಲೇ, 1959ರ ಕಾಯ್ದೆಯಿಂದ ಬಂದ ನಿಯಮ ಅದು. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲ, ಹಾವೇರಿ ಹೀಗೆ ಹತ್ತಿರದ್ದು ನೋಡಿಕೊಳ್ಳಿ. ಇ-ಹರಾಜು, ಹಣ ಬ್ಯಾಂಕ್ ಖಾತೆಗೆ. ಪಾಸ್‌ಬುಕ್, ಆಧಾರ್, ಖಾತೆಯ ವಿವರ ಮೊದಲ ಬೆಳೆಗೆ ಮುಂಚೆಯೇ ಸಿದ್ಧವಿರಲಿ. ನಿಯಮ ಮೀರಿ ಮನೆ ಬಾಗಿಲಿಗೆ ಬಂದು ಕೊಳ್ಳುವವರು ಹೇಳುವ ತೂಕ, ದರ ಎರಡನ್ನೂ ನಂಬಬೇಡಿ. ಮೊದಲ ಬೆಳೆಗಿಂತ ಮುಂಚೆ ಒಂದು ಬೆಳಗ್ಗೆ ಬರಿಗೈಯಲ್ಲಿ ಮಾರುಕಟ್ಟೆಗೆ ಹೋಗಿ ನಿಂತು ನೋಡಿ. ಯಾವ ಲಾಟಿಗೆ ಎಷ್ಟು ಕೂಗಿದರು ಎಂಬುದನ್ನು ನೋಡುತ್ತ ಕಲಿಯುವಷ್ಟು ಯಾವ ತರಬೇತಿಯೂ ಕಲಿಸುವುದಿಲ್ಲ.

ದುಡ್ಡಿನ ಲೆಕ್ಕ

ದರ ಏರಿದ ತಿಂಗಳಿನ ಲೆಕ್ಕ ಹಿಡಿದು ಸಾಲ ಮಾಡಬೇಡಿ. ಕೆಳದರ ಹಿಡಿಯೋಣ. 120 ಮೊಟ್ಟೆಗೆ, 100ಕ್ಕೆ 65 ಕೆಜಿಯಂತೆ, 78 ಕೆಜಿ ಗೂಡು. ಕೆಜಿಗೆ ₹450 ಹಿಡಿದರೆ ₹35,100. ಖರ್ಚಿಗೆ ಹೀಗೆ ಅಂದಾಜಿಟ್ಟುಕೊಳ್ಳಿ, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ: ಚಾಕಿ ಹುಳು ₹4,800, ಗೊಬ್ಬರ ಮತ್ತು ತೋಟ ₹4,000, ಕೂಲಿ ₹5,000, ಸೋಂಕು ನಿವಾರಕ ಮತ್ತು ಹಾಸಿಗೆ ಪುಡಿ ₹2,000, ಸಾಗಾಟ ₹1,000, ಇತರೆ ₹1,000. ಒಟ್ಟು ₹17,800. ಉಳಿಯುವುದು ₹17,300. ವರ್ಷದ ಹತ್ತು ಬೆಳೆಯಲ್ಲಿ ಎರಡು ಪೂರ್ತಿ ಹೋದವು, ತಲಾ ₹15,000 ನಷ್ಟ ಎಂದೇ ಬರೆಯಿರಿ. ಎಂಟು ಬೆಳೆಯ ₹1,38,400ರಲ್ಲಿ ₹30,000 ಕಳೆದರೆ ₹1,08,400. ತಿಂಗಳಿಗೆ ಒಂಬತ್ತು ಸಾವಿರ, ಮನೆಯವರ ದುಡಿಮೆಗೆ ಬೇರೆ ಕೂಲಿ ಹಾಕದೆ, ಮನೆ ಕಟ್ಟಿದ ಸಾಲದ ಕಂತು ಕಟ್ಟುವ ಮೊದಲು.

ಇದು ನಿರಾಸೆಯ ಅಂಕಿಯಂತೆ ಕಂಡರೆ ಅದರ ಕೀಲಿಗಳು ಎಲ್ಲಿವೆ ನೋಡಿ. ದರ ₹550 ಆದರೆ ಎಂಟು ಬೆಳೆಗೆ ₹62,400 ಸೇರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಇಳುವರಿ 65ರಿಂದ 75ಕ್ಕೆ ಹೋದರೆ ₹43,200 ಸೇರುತ್ತದೆ. ಹೋಗುವ ಎರಡು ಬೆಳೆಯಲ್ಲಿ ಒಂದನ್ನು ಉಳಿಸಿಕೊಂಡರೆ ₹32,300. ಈ ಎರಡೂ ಬ್ಲೀಚಿಂಗ್ ಪೌಡರ್, ಹಾಸಿಗೆಯ ಜಾಗ, ತಕ್ಕಡಿಯ ಮೇಲೆ ನಿಂತಿವೆ. ಹುಳು ಮನೆಗೆ ಸಾಲ ಮಾಡುವವರು ವರ್ಷದ ಕಂತು ₹40,000 ಮೀರದಂತೆ ನೋಡಿಕೊಳ್ಳಿ, ಮೊದಲ ಕಂತು ತೋಟ ನೆಟ್ಟು ವರ್ಷವಾದ ಮೇಲೆ ಬರುವಂತೆ ಬ್ಯಾಂಕಿನಲ್ಲಿ ಕೇಳಿ. ಉಳಿದ ಕಡ್ಡಿ, ಹಿಕ್ಕೆ ಮಾರಾಟದ ವಸ್ತುವಲ್ಲ. ಕೊಳೆಸಿ ತೋಟಕ್ಕೆ ಹಾಕಿ, ಗೊಬ್ಬರದ ಖರ್ಚು ಇಳಿಯುತ್ತದೆ. ಹಸಿಯಾಗಿ ಹಾಕಿದರೆ ರೋಗ ತೋಟದಲ್ಲೇ ಉಳಿಯುತ್ತದೆ, ಮೂರು ತಿಂಗಳಾದರೂ ಗುಂಡಿಯಲ್ಲಿರಲಿ.

ಗೂಡು ಮಾರಿ ಬಂದ ದಿನ ನಿದ್ದೆ ಮಾಡಿ. ಮರುದಿನವೇ ಹಾಸಿಗೆಯ ಕಸ ತೆಗೆದು ಗುಂಡಿಗೆ ಹಾಕಿ, ಸತ್ತ ಹುಳು, ಕರಗಿದ ಗೂಡು ಸುಟ್ಟು, ಮೊದಲ ಸುತ್ತಿನ ಬ್ಲೀಚಿಂಗ್ ಹೊಡೆದು ಬಾಗಿಲು ಹಾಕಿ. ಕೊಯ್ದ ತಾಕಿನ ಬುಡ ಸವರಿ ನೀರು ಕೊಡಿ. ಗೋಡೆಗೆ ನೇತುಹಾಕಿದ ನೋಟುಬುಕ್ಕಿನಲ್ಲಿ ಬರೆಯಿರಿ: ಯಾವ ಚಾಕಿ ಕೇಂದ್ರ, ಎಷ್ಟು ಮೊಟ್ಟೆ, ಹತ್ತು ಗಿಡದ ತೂಕ ಎಷ್ಟಿತ್ತು, ಪ್ರತಿ ಜ್ವರದ ದಿನಾಂಕ, ಎತ್ತಿ ಹಾಕಿದ ರೋಗದ ಹುಳು ಎಷ್ಟು, ಯಾವ ಅಂತಸ್ತಿನಲ್ಲಿ, ಗೂಡಿನ ತೂಕ, ದರ. ನಾಲ್ಕನೇ ಬೆಳೆಯ ಹೊತ್ತಿಗೆ ರೋಗ ಪ್ರತಿ ಸಲ ಒಂದೇ ಮೂಲೆಯಿಂದ ಶುರುವಾಗುತ್ತಿದೆ ಎಂದು ಆ ಪುಸ್ತಕದಲ್ಲಿ ಕಂಡರೆ, ಆ ಮೂಲೆಯ ಸೂರು ಸೋರುತ್ತಿದೆಯೇ, ಅಲ್ಲಿ ಗಾಳಿಕಿಂಡಿ ಮುಚ್ಚಿದೆಯೇ ನೋಡಿ.